ಲಿಂಡನ್ ಮರದ ನಾಲ್ಕನೇ ಬೇಸಿಗೆ

ಬರ್ಲಿನ್‌ನಲ್ಲಿ ಜೂನ್ ಕೊನೆ ವಾರ ಬಂತು ಅಂದ್ರೆ ಇಡೀ ಊರಿಗೆ ಒಂದು ವಾಸನೆ ಹತ್ತುತ್ತೆ. ಜೇನುತುಪ್ಪಕ್ಕೆ ಚೂರು ನಿಂಬೆಸಿಪ್ಪೆ ತುರಿದು ಹಾಕಿದ ಹಾಗೆ. ರಾತ್ರಿ ಒಂಬತ್ತೂವರೆವರೆಗೂ ಬೆಳಕಿರುವ ದಿನಗಳು ಅವು. ಆಫೀಸ್ ಮುಗಿಸಿ ಸೈಕಲ್ ಮೇಲೆ ಮನೆಗೆ ಬರುವಾಗ ಯಾವ ಬೀದಿಗೆ ತಿರುಗಿದರೂ ಆ ವಾಸನೆ ಜೊತೆಗೇ ಬರುತ್ತೆ. ಎಲ್ಲಿಂದ ಅಂತ ತಲೆ ಎತ್ತಿ ನೋಡಿದರೆ ಸಂಪಿಗೆಯ ಥರ ಎದ್ದು ಕಾಣುವ ಹೂವೇನೂ ಇಲ್ಲ. ಎಲೆಗಳ ನಡುವೆ ಮಾಸಲು ಹಳದಿ ಬಣ್ಣದ ಪುಟ್ಟ ಗೊಂಚಲುಗಳು, ಅಷ್ಟೇ. ಕಿವಿಗೊಟ್ಟು ಕೇಳಿದರೆ ಮಾತ್ರ ಗೊತ್ತಾಗುತ್ತೆ, ಮರಕ್ಕೆ ಮರವೇ ಜೇನುಹುಳುಗಳಿಂದ ಗುಂಯ್ ಅಂತಿರುತ್ತೆ.

ಇದು ಲಿಂಡನ್ ಮರ. ಬ್ರಿಟನ್‌ನಲ್ಲಿರುವ ಕನ್ನಡಿಗರು ಇದನ್ನು ಲೈಮ್ ಟ್ರೀ ಅನ್ನೋ ಹೆಸರಲ್ಲಿ ಕೇಳಿರ್ತಾರೆ. ನಮ್ಮ ನಿಂಬೆಗೂ ಇದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಬರ್ಲಿನ್‌ನ ಬೀದಿಬದಿಯಲ್ಲಿ ಸುಮಾರು 4.3 ಲಕ್ಷ ಮರಗಳಿವೆ, ಅದರಲ್ಲಿ ಹೆಚ್ಚುಕಡಿಮೆ ಮೂರಕ್ಕೊಂದು ಲಿಂಡನ್. ಹಾಗಾಗಿ ಆ ವಾಸನೆಯಿಂದ ತಪ್ಪಿಸಿಕೊಳ್ಳೋಕೆ ಜಾಗವೇ ಇಲ್ಲ.

ನಾನು ಸಾಫ್ಟ್‌ವೇರ್ ಎಂಜಿನಿಯರ್. ಓದಿದ್ದು ಎಂಜಿನಿಯರಿಂಗ್, ಸಸ್ಯಶಾಸ್ತ್ರ ಪಿಯುಸಿಗೇ ಮುಗಿದಿತ್ತು. 2019ರಲ್ಲಿ ಕೆಲಸಕ್ಕೆ ಅಂತ ಇಲ್ಲಿಗೆ ಬಂದೆ. ಮರದ ವಿಷಯ ತಲೆಗೆ ಹತ್ತಿದ್ದು ನಮ್ಮ ಬಿಲ್ಡಿಂಗ್ ಎದುರಿಗಿರುವ ಒಂದು ಎಳೆಯ ಲಿಂಡನ್‌ನಿಂದ. ಅದರ ಕಥೆ ಹೇಳುವ ಮೊದಲು ಮರದ ಪರಿಚಯ ಮಾಡಿಕೊಡ್ತೀನಿ.

ಬಾಲವಿಲ್ಲದ ಅರಳಿ ಎಲೆ

ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ಎಲೆ ತೋರಿಸಿದಾಗ ಅಮ್ಮ ಕೇಳಿದ ಮೊದಲ ಪ್ರಶ್ನೆ, "ಅಲ್ಲಿ ಅರಳಿ ಮರ ಬೇರೆ ಇದೆಯೇನೋ?" ತಪ್ಪಿಲ್ಲ. ಎಲೆ ಥೇಟ್ ಹೃದಯದ ಆಕಾರ. ಅರಳಿ ಎಲೆಯ ತುದಿಯ ಉದ್ದ ಬಾಲವನ್ನು ಕತ್ತರಿಸಿ, ಅಂಚಿಗೆ ಸಣ್ಣ ಗರಗಸದ ಹಲ್ಲು ಕೊಟ್ಟು, ಒಟ್ಟು ಚಿಕ್ಕದು ಮಾಡಿದರೆ ಲಿಂಡನ್ ಎಲೆ ಆಯಿತು.

ಲಿಂಡನ್‌ನಲ್ಲಿ ಹಲವು ಜಾತಿ ಇವೆ. ನಾನು ಹೇಳ್ತಿರೋದು ಚಿಕ್ಕೆಲೆಯ ಲಿಂಡನ್ ಬಗ್ಗೆ. ಶಾಸ್ತ್ರೀಯ ಹೆಸರು ಟಿಲಿಯಾ ಕಾರ್ಡಾಟಾ, ಜರ್ಮನ್ನರು ಕರೆಯೋದು ವಿಂಟರ್‌ಲಿಂಡೆ. ಎಲೆ ಅಂಗೈಗಿಂತ ಚಿಕ್ಕದು, ಮೂರರಿಂದ ಎಂಟು ಸೆಂಟಿಮೀಟರ್. ದೊಡ್ಡೆಲೆಯ ಲಿಂಡನ್ ಇದರ ಅಕ್ಕ ಇದ್ದ ಹಾಗೆ, ಒಂದೆರಡು ವಾರ ಮೊದಲೇ ಹೂ ಬಿಡುತ್ತೆ. ಎರಡನ್ನೂ ಗುರುತಿಸೋಕೆ ಒಂದು ಸುಲಭ ಉಪಾಯ ಇದೆ. ಎಲೆಯನ್ನು ಮಗುಚಿ, ನರಗಳು ಕವಲೊಡೆಯುವ ಮೂಲೆ ನೋಡಿ. ಅಲ್ಲಿ ತುಕ್ಕಿನ ಬಣ್ಣದ ಸಣ್ಣ ರೋಮದ ಗುಚ್ಛ ಇದ್ದರೆ ಚಿಕ್ಕೆಲೆಯದು, ಬಿಳಿಯ ರೋಮ ಇದ್ದರೆ ದೊಡ್ಡೆಲೆಯದು. ಎರಡರ ಬೆರಕೆಯ ಇನ್ನೊಂದು ಜಾತಿಯೂ ಇದೆ. ಹಳೇ ಬೀದಿಗಳಲ್ಲಿ ಅದೇ ಜಾಸ್ತಿ.

ಕಾಯಿಯದೂ ಒಂದು ತಮಾಷೆ. ಪ್ರತಿ ಗೊಂಚಲಿಗೂ ಹಾಳೆಯಂಥ ಒಂದು ಉದ್ದ ರೆಕ್ಕೆ ಅಂಟಿಕೊಂಡಿರುತ್ತೆ. ಕಾಯಿ ಬಲಿತ ಮೇಲೆ ಆ ರೆಕ್ಕೆಯ ಸಮೇತ ಗಿರಗಿರ ತಿರುಗುತ್ತಾ ಕೆಳಗಿಳಿಯುತ್ತೆ. ನಮ್ಮ ಬೀದಿ ಮಕ್ಕಳಿಗೆ ಅದೇ ಹೆಲಿಕಾಪ್ಟರ್.

ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟಿದ್ದು ಇದರ ಕುಲಗೋತ್ರ. ಮೊದಲು ಇದಕ್ಕೆ ಪ್ರತ್ಯೇಕ ಕುಟುಂಬ ಇತ್ತು. ಈಗ ಸಸ್ಯಶಾಸ್ತ್ರಜ್ಞರು ಇದನ್ನು ದಾಸವಾಳದ ಕುಟುಂಬಕ್ಕೆ ಸೇರಿಸಿದ್ದಾರೆ. ಅಂದರೆ ದಾಸವಾಳ, ಹತ್ತಿ, ಬೆಂಡೆ ಎಲ್ಲಾ ಇದರ ದಾಯಾದಿಗಳು. ಗೋಣಿಚೀಲದ ಸೆಣಬು ಕೂಡ. ಯುರೋಪಿನ ಹಳ್ಳಿಗಳಲ್ಲಿ ಲಿಂಡನ್ ತೊಗಟೆಯ ಒಳನಾರು ತೆಗೆದು ಹಗ್ಗ ಹೊಸೆಯುತ್ತಿದ್ದರು ಅಂತ ಓದಿದಾಗ ಆಶ್ಚರ್ಯವೇ ಆಗಲಿಲ್ಲ, ವಂಶದ ಕಸುಬು ಅದು. ಇಲ್ಲಿ ಶೀತ, ಕೆಮ್ಮು ಅಂದ್ರೆ ಮನೆಯಲ್ಲಿ ಒಣಗಿದ ಲಿಂಡನ್ ಹೂವಿನ ಕಷಾಯ ಮಾಡ್ತಾರೆ. ಕುಡಿದರೆ ಗಂಟಲಿಗೆ ಮೆತ್ತಗೆ ಹತ್ತುತ್ತೆ, ಹೂವಿನಲ್ಲಿ ಲೋಳೆ ಅಂಶ ಇದೆ. ಆಲೆಮನೆಯಲ್ಲಿ ಕುದಿಯುವ ಕಬ್ಬಿನ ಹಾಲಿಗೆ ಬೆಂಡೆ ಗಿಡದ ಲೋಳೆ ಹಾಕಿ ಕೊಳೆ ತೆಗೀತಾರಲ್ಲ, ಆ ಲೋಳೆಯ ಬಳಗವೇ ಇದು.

ನಮ್ಮ ಪಶ್ಚಿಮಘಟ್ಟದ ಕಾಡಿನಲ್ಲಿ ತಡಸಲು ಅಂತ ಮರ ಇದೆ. ಗಟ್ಟಿ, ಆದರೆ ಬಳುಕುವ ಮರ. ಕೊಡಲಿ, ಗುದ್ದಲಿಯ ಹಿಡಿಗೆ ಬಲು ಒಳ್ಳೇದು. ಅದರ ಶಾಸ್ತ್ರೀಯ ಹೆಸರು ಗ್ರೂವಿಯಾ ಟಿಲಿಫೋಲಿಯಾ. ಟಿಲಿಫೋಲಿಯಾ ಅಂದ್ರೆ ಲಿಂಡನ್‌ನಂಥ ಎಲೆಯುಳ್ಳದ್ದು! ಲಿಂಡನ್ನೇ ಇಲ್ಲದ ನಾಡಿನ ಮರಕ್ಕೆ ಲಿಂಡನ್ ಎಲೆಯ ಹೆಸರು.

ಊರ ಕಟ್ಟೆಯ ಮರ

ಜರ್ಮನ್ನರಿಗೆ ಈ ಮರದ ಮೇಲಿರುವ ಅಕ್ಕರೆ ನಮಗೆ ಅರಳಿಕಟ್ಟೆಯ ಮೇಲಿರುವಂಥದ್ದೇ. ಹಳ್ಳಿಯ ನಡುವೆ ಒಂದು ಲಿಂಡನ್, ಅದರ ಕೆಳಗೆ ನ್ಯಾಯ ಪಂಚಾಯ್ತಿ, ಹಬ್ಬ, ಕುಣಿತ. ಫ್ರಾಂಕೋನಿಯಾ ಸೀಮೆಯ ಲಿಮ್ಮರ್ಸ್‌ಡೋರ್ಫ್ ಅನ್ನೋ ಹಳ್ಳಿಯಲ್ಲಿ ಲಿಂಡನ್ ಕೊಂಬೆಗಳ ನಡುವೆಯೇ ಹಲಗೆಯ ಅಟ್ಟ ಕಟ್ಟಿದ್ದಾರೆ. ಆಗಸ್ಟ್ ಕೊನೆಯ ಹಬ್ಬಕ್ಕೆ ಜೋಡಿಗಳು ಮರದ ಮೇಲೆ ಹತ್ತಿ ಕುಣಿಯುತ್ತವೆ, ಈಗಲೂ. ಅವರ ನಿಬೆಲುಂಗನ್ ಕಥೆಯ ವೀರ ಸೀಗ್‌ಫ್ರೀಡ್ ಡ್ರಾಗನ್‌ನ ರಕ್ತದಲ್ಲಿ ಮಿಂದು ವಜ್ರಕಾಯ ಆಗ್ತಾನೆ. ಆದರೆ ಬೆನ್ನ ಮೇಲೆ ಒಂದು ಲಿಂಡನ್ ಎಲೆ ಬಿದ್ದು ಅಷ್ಟು ಜಾಗ ಉಳಿದುಹೋಗುತ್ತೆ, ಕೊನೆಗೆ ಭರ್ಜಿ ನಾಟೋದು ಅಲ್ಲೇ. ದುರ್ಯೋಧನನ ತೊಡೆ ನೆನಪಾಗದೆ ಇರುತ್ತಾ?

ಕ್ಯಾಲೆಂಡರಿಗೂ ಈ ಮರ ಹತ್ತಿದೆ. ಪೋಲಿಷ್ ಭಾಷೆಯಲ್ಲಿ ಜುಲೈ ತಿಂಗಳ ಹೆಸರು ಲಿಪ್ಯೆಟ್ಸ್, ಲಿಂಡನ್ ತಿಂಗಳು. ಕ್ರೊಯೇಷಿಯನ್ನರ ಲಿಪಾನ್ ಅದೇ ಮಾತಿಂದ ಬಂದಿದ್ದು, ಆದರೆ ಅದು ಜೂನ್. ದಕ್ಷಿಣದಲ್ಲಿ ಬಿಸಿಲು ಬೇಗ, ಹೂವೂ ಬೇಗ. ಸಸ್ಯಗಳಿಗೆಲ್ಲ ಎರಡು ಪದದ ಹೆಸರಿಟ್ಟ ಲಿನ್ನೇಯಸ್‌ನ ಮನೆತನದ ಹೆಸರೂ ಇದರದ್ದೇ. ಅವರ ಪೂರ್ವಜರ ಜಮೀನಿನಲ್ಲಿದ್ದ ದೊಡ್ಡ ಲಿಂಡನ್ ಮರದಿಂದ ಅವನಪ್ಪ ಆ ಹೆಸರು ಇಟ್ಟುಕೊಂಡಿದ್ದ.

ಬೀದಿಗೆ ಬಂದ ಕಥೆಗೆ ಬರ್ಲಿನ್‌ಗಿಂತ ಒಳ್ಳೆಯ ಊರು ಬೇಕಿಲ್ಲ. 1647ರಲ್ಲಿ ಇಲ್ಲಿನ ದೊರೆ ಫ್ರೀಡ್ರಿಕ್ ವಿಲ್ಹೆಲ್ಮ್ ತನ್ನ ಅರಮನೆಯಿಂದ ಬೇಟೆಕಾಡಿನವರೆಗೆ ಸಾಲಾಗಿ ಲಿಂಡನ್ ಮತ್ತು ವಾಲ್‌ನಟ್ ಮರ ನೆಡಿಸಿದ. ಅದೇ ಇವತ್ತಿನ ಉಂಟರ್ ಡೆನ್ ಲಿಂಡೆನ್, ಅಂದರೆ ಲಿಂಡನ್‌ಗಳ ಕೆಳಗೆ. ಪ್ರವಾಸಕ್ಕೆ ಬಂದವರೆಲ್ಲ ಬ್ರಾಂಡೆನ್‌ಬುರ್ಗ್ ಗೇಟ್ ಮುಂದೆ ಫೋಟೋ ತೆಗೆಸಿಕೊಂಡು ಇದೇ ರಸ್ತೆಯಲ್ಲಿ ನಡೀತಾರೆ. ಆದರೆ ಅಲ್ಲಿರೋದು ದೊರೆ ನೆಡಿಸಿದ ಮರಗಳಲ್ಲ. 1930ರ ದಶಕದಲ್ಲಿ ನೆಲದಡಿಯ ರೈಲು ಮತ್ತು ರಸ್ತೆ ಕೆಲಸಕ್ಕೆ ನಾಜಿಗಳು ಮರ ಕಡಿಸಿದರು. ಆಮೇಲೆ ನೆಟ್ಟವು ಯುದ್ಧದ ಕಾಲದಲ್ಲಿ ಹಾಳಾದವು. ಈಗಿನವು ಯುದ್ಧ ಮುಗಿದ ಮೇಲಿನವು. ನೂರಾರು ವರ್ಷ ಬದುಕುವ ಜಾತಿಯ ಮರ ಊರ ನಡುಮಧ್ಯದಲ್ಲಿ ನೂರು ವರ್ಷ ನಿಲ್ಲೋದು ಕಷ್ಟ ಅನ್ನೋದು ಅಲ್ಲೇ ಕಾಣುತ್ತೆ.

ಬೀದಿಗೆ ಇದೇ ಯಾಕೆ?

ಮುಖ್ಯ ಕಾರಣ, ಈ ಮರ ಕತ್ತರಿಗೆ ಬಗ್ಗುತ್ತೆ. ರಸ್ತೆ ಕಡೆಗೆ ನಾಲ್ಕೂವರೆ ಮೀಟರ್, ಫುಟ್‌ಪಾತ್ ಕಡೆಗೆ ಎರಡೂವರೆ ಮೀಟರ್ ಎತ್ತರದವರೆಗೆ ಕೊಂಬೆ ಇರಬಾರದು ಅನ್ನೋದು ಇಲ್ಲಿನ ಲೆಕ್ಕ. ಲಾರಿಯೂ ಹೋಗಬೇಕು, ಜನವೂ ನಡೀಬೇಕು. ಹೀಗೆ ವರ್ಷಕ್ಕಿಷ್ಟು ಅಂತ ಕೆಳಗಿನ ಕೊಂಬೆ ತೆಗೆದರೂ ಲಿಂಡನ್ ಸುಧಾರಿಸಿಕೊಳ್ಳುತ್ತೆ. ಬೋಳು ಮಾಡಿದರೂ ಚಿಗುರುತ್ತೆ. ಇಂಗ್ಲೆಂಡಿನ ವೆಸ್ಟನ್‌ಬರ್ಟ್ ಸಸ್ಯವನದಲ್ಲಿ ಶತಮಾನಗಳಿಂದ ಬುಡಕ್ಕೆ ಕಡಿಸಿಕೊಂಡು ಮತ್ತೆ ಮತ್ತೆ ಚಿಗುರಿರುವ ಒಂದು ಚಿಕ್ಕೆಲೆಯ ಲಿಂಡನ್ ಇದೆ, ವಯಸ್ಸು ಸುಮಾರು 2000 ವರ್ಷ ಅಂತ ಅಂದಾಜು. ನೆದರ್ಲೆಂಡ್ಸ್‌ನ ಹಳೇ ತೋಟದ ಮನೆಗಳ ಮುಂದೆ ಲಿಂಡನ್ ಕೊಂಬೆಗಳನ್ನು ಅಡ್ಡಡ್ಡ ಕಟ್ಟಿ ಬಿದಿರು ತಟ್ಟಿಯ ಹಾಗೆ ಚಪ್ಪಟೆಯಾಗಿ ಬೆಳೆಸಿರ್ತಾರೆ. ಬೇಸಿಗೆಯಲ್ಲಿ ಕಿಟಕಿಗೆ ನೆರಳು, ಚಳಿಗಾಲದಲ್ಲಿ ಎಲೆ ಉದುರಿ ಬಿಸಿಲು.

ಇಲ್ಲಿನ ನೆರಳಿನ ಬೆಲೆ ಊರಲ್ಲಿರುವವರಿಗೆ ಹೇಳಿದರೆ ನಗ್ತಾರೆ. ಬರ್ಲಿನ್‌ನ ಹಳೇ ಮನೆಗಳಲ್ಲಿ ಏಸಿ ಇರಲಿ, ಸೀಲಿಂಗ್ ಫ್ಯಾನ್ ಕೂಡ ಇಲ್ಲ. ಗೋಡೆಗಳು ಕಟ್ಟಿರೋದು ಬಿಸಿಯನ್ನು ಒಳಗೆ ಹಿಡಿದಿಡೋಕೆ. 35 ಡಿಗ್ರಿ ದಾಟಿದ ದಿನ ಮೂರನೇ ಮಹಡಿಯಲ್ಲಿ ರಾತ್ರಿ ಹನ್ನೊಂದಕ್ಕೂ ಬೆವರು. ಕಿಟಕಿ ಮುಂದೆ ಮರ ಇರುವ ಮನೆಗೂ ಇಲ್ಲದ ಮನೆಗೂ ಇರುವ ವ್ಯತ್ಯಾಸ ನಮ್ಮ ಬಿಲ್ಡಿಂಗ್‌ನಲ್ಲಿ ಎಲ್ಲರಿಗೂ ಗೊತ್ತು.

ಇನ್ನು ಬೀದಿಗೆ ನೆಡೋದು ಬೀಜದಿಂದ ಹುಟ್ಟಿದ ಕಾಡು ಲಿಂಡನ್ ಅಲ್ಲ. ಅದು 20, 30 ಮೀಟರ್ ಎತ್ತರ, ಮನಸ್ಸಿಗೆ ಬಂದ ಆಕಾರ. ನರ್ಸರಿಯವರು ಆಯ್ದ ಮರದಿಂದ ಕಸಿ ಮಾಡಿದ ತಳಿಗಳನ್ನು ಕೊಡ್ತಾರೆ. ಅದರಲ್ಲಿ ಹೆಸರು ಮಾಡಿದ್ದು ಗ್ರೀನ್‌ಸ್ಪೈರ್, 1960ರ ದಶಕದ ಶುರುವಿನಲ್ಲಿ ಅಮೆರಿಕದ ನರ್ಸರಿಯಿಂದ ಬಂದ ತಳಿ. ನೆಟ್ಟಗಿನ ಕಾಂಡ, ಮೊಟ್ಟೆಯಾಕಾರದ ಒತ್ತಾದ ತಲೆ, 15 ಮೀಟರ್ ಆಸುಪಾಸು. ಎಲ್ಲ ಮರವೂ ಒಂದೇ ಥರ ಇರೋದರಿಂದ ಸಾಲು ಚೆನ್ನಾಗಿ ಕಾಣುತ್ತೆ. ನನಗೆ ಕೇಳಿದರೆ ಆ ಚೆಂದದಲ್ಲೇ ಒಂದು ಅಪಾಯವೂ ಇದೆ. ಇಡೀ ಬೀದಿಗೆ ಒಂದೇ ತಳಿಯ ಕಾಪಿ ಅಂದ್ರೆ ಒಂದಕ್ಕೆ ಬಂದ ಕಾಯಿಲೆ ಎಲ್ಲಕ್ಕೂ. ನಮ್ಮ ಕಸುಬಿನಲ್ಲಿ ಇದನ್ನು ಹೇಳಿಕೊಡಬೇಕಾಗಿಲ್ಲ.

ಇನ್ನು ದೂರುಗಳು. ಇವು ಸುಳ್ಳಲ್ಲ. ಲಿಂಡನ್ ಎಲೆಗೆ ಹೇನು ಹತ್ತುತ್ತೆ, ಗಿಡದ ಹೇನು. ಅದು ರಸ ಹೀರಿ ಸಕ್ಕರೆಯ ಅಂಟನ್ನು ಹನಿಹನಿಯಾಗಿ ಕೆಳಗೆ ಬಿಡುತ್ತೆ. ಮಾವಿಗೆ ಜಿಗಿಹುಳು ಬಿದ್ದಾಗ ಎಲೆಯೆಲ್ಲ ಅಂಟಂಟಾಗಿ ಮೇಲೆ ಕಪ್ಪು ಬೂಷ್ಟು ಹಿಡಿಯುತ್ತಲ್ಲ, ಅದೇ ಕಥೆ. ಜೂನ್, ಜುಲೈನಲ್ಲಿ ಲಿಂಡನ್ ಕೆಳಗೆ ಕಾರು ನಿಲ್ಲಿಸಿದರೆ ಮಾರನೇ ದಿನ ಗಾಜಿನ ಮೇಲೆ ಸಕ್ಕರೆ ಪಾಕ. ಸೈಕಲ್ ಸೀಟಂತೂ ಕೇಳಲೇಬೇಡಿ. ನೀರಿನಲ್ಲಿ ತೊಳೆದರೆ ಹೋಗುತ್ತೆ, ಒಂದು ವಾರ ಬಿಟ್ಟರೆ ಹೋಗಲ್ಲ. ಮರದ ಬುಡದಲ್ಲಿ ಕೆಂಪು ಕಪ್ಪು ಹುಳುಗಳ ಜಾತ್ರೆ ಸೇರುತ್ತೆ, ಹೊಸಬರು ಹೆದರ್ತಾರೆ. ಬಿದ್ದ ಬೀಜದ ರಸ ಹೀರುವ ತಿಗಣೆಗಳವು, ಕಚ್ಚಲ್ಲ. ನಮ್ಮ ಹತ್ತಿ ಬೆಳೆಗಾರರಿಗೆ ಗೊತ್ತಿರುವ ಕೆಂಪು ತಿಗಣೆ ಇದೇ ಕುಟುಂಬದ್ದು. ಹತ್ತಿ, ಲಿಂಡನ್ ದಾಯಾದಿ ಆದ ಹಾಗೇ ಅವುಗಳ ತಿಗಣೆಗಳೂ ದಾಯಾದಿ.

ಬುಡದಲ್ಲಿ ಏಳುವ ಚಿಗುರು ಇನ್ನೊಂದು ಕಾಟ. ವರ್ಷವರ್ಷ ಕತ್ತರಿಸಬೇಕು. ಚಿಕ್ಕೆಲೆಯದರಲ್ಲಿ ಬೆರಕೆ ಜಾತಿಗಿಂತ ಕಡಿಮೆ ಅನ್ನೋದೇ ಸಮಾಧಾನ. ಉಪ್ಪನ್ನಂತೂ ಇದು ಸಹಿಸಲ್ಲ. ಹಿಮ ಕರಗಿಸೋಕೆ ರಸ್ತೆಗೆ ಹಾಕುವ ಉಪ್ಪು ಬುಡಕ್ಕಿಳಿದರೆ ಬೇಸಿಗೆಯಲ್ಲಿ ಎಲೆಯಂಚು ಸುಟ್ಟ ಹಾಗೆ ಕಂದಾಗುತ್ತೆ. ಬರ್ಲಿನ್‌ನಲ್ಲಿ ಮನೆ ಮುಂದಿನ ಫುಟ್‌ಪಾತಿಗೆ ಜನ ಉಪ್ಪು ಹಾಕೋದಕ್ಕೆ ನಿಷೇಧ ಇದೆ, ಮರಳು, ಜಲ್ಲಿಪುಡಿ ಚೆಲ್ತಾರೆ.

ನಮ್ಮ ಬೀದಿಯ ಮರ

2018, 2019, 2020, ಸಾಲಾಗಿ ಮೂರು ವರ್ಷ ಇಲ್ಲಿ ಮಳೆ ಕೈಕೊಟ್ಟಿತು. ಬರ್ಲಿನ್ ನಿಂತಿರೋದೇ ಮರಳಿನ ಮೇಲೆ, ಸುರಿದ ನೀರು ನಿಲ್ಲಲ್ಲ. ನಮ್ಮ ಬಿಲ್ಡಿಂಗ್ ಮುಂದಿದ್ದ ಹಳೇ ಲಿಂಡನ್ ಆ ಬರಗಾಲದಲ್ಲಿ ನೆತ್ತಿಯಿಂದ ಒಣಗುತ್ತಾ ಬಂತು. ಆಗಸ್ಟ್‌ಗೇ ಎಲೆ ಉದುರಿಸುತ್ತಿತ್ತು. ಕೊನೆಗೆ ಒಂದು ಚಳಿಗಾಲ ಬಂದು ಕಡಿದರು. ಇಲ್ಲಿ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ, ಹಕ್ಕಿ ಗೂಡು ಕಟ್ಟುವ ಕಾಲದಲ್ಲಿ, ತುರ್ತು ಇದ್ದರೆ ಬಿಟ್ಟು ಮರ ಕಡಿಯೋ ಹಾಗಿಲ್ಲ. ಮರ ಹೋದ ಮೇಲೆ ಬಂದ ಮೊದಲ ಬೇಸಿಗೆಯಲ್ಲಿ ನಮ್ಮ ಕೆಳಮನೆ ಅಜ್ಜಿ ಮಧ್ಯಾಹ್ನವೆಲ್ಲ ಕಿಟಕಿಗೆ ಒದ್ದೆ ಬೆಡ್‌ಶೀಟ್ ಕಟ್ಟಿಕೊಂಡು ಕೂರ್ತಿದ್ದರು. ಅವರಿಗೆ ಎಂಬತ್ತು ದಾಟಿದೆ, ಒಬ್ಬರೇ ಇರೋದು.

2021ರ ಶರತ್ಕಾಲದಲ್ಲಿ ಅದೇ ಜಾಗಕ್ಕೆ ಹೊಸ ಗಿಡ ಬಂತು, ಗ್ರೀನ್‌ಸ್ಪೈರ್. ಗಿಡ ಅಂದ್ರೆ ನಮ್ಮ ವನಮಹೋತ್ಸವದ ಮೊಣಕಾಲೆತ್ತರದ ಸಸಿ ಅಲ್ಲ. ನರ್ಸರಿಯಲ್ಲಿ ಹಲವು ವರ್ಷ ಬೆಳೆದು, ಬೇರು ಗಡ್ಡೆಯಾಗಲಿ ಅಂತ ಮೂರ್ನಾಲ್ಕು ಸಲ ಜಾಗ ಬದಲಿಸಿದ, ಕಾಂಡದ ಸುತ್ತಳತೆ ಇಪ್ಪತ್ತು ಸೆಂಟಿಮೀಟರ್‌ನಷ್ಟಿರುವ ಮರ. ಕ್ರೇನ್‌ನಲ್ಲಿ ಇಳಿಸಿದರು. ಕಂಬ ನೆಟ್ಟು ಪಟ್ಟಿಯಲ್ಲಿ ಕಟ್ಟಿ, ಕಾಂಡಕ್ಕೆ ಬಿಸಿಲು ಬಡಿಯದ ಹಾಗೆ ಬಿಳಿ ಬಣ್ಣ ಬಳಿದು ಹೋದರು. ಸರಿಯಾಗಿ ನೆಡಬೇಕಾದರೆ ಗುಂಡಿ ಕನಿಷ್ಠ 12 ಘನ ಮೀಟರ್ ಇರಬೇಕು ಅಂತ ಇಲ್ಲಿನ ಶಿಫಾರಸು. ನಾಲ್ಕು ಟ್ರ್ಯಾಕ್ಟರ್ ಲೋಡ್ ಮಣ್ಣು ಹಿಡಿಯುವಷ್ಟು. ಫುಟ್‌ಪಾತ್ ಕೆಳಗೆ ಕೇಬಲ್, ಗ್ಯಾಸ್, ನೀರಿನ ಪೈಪು ಎಲ್ಲ ಹಾದುಹೋದ ಮೇಲೆ ಅಷ್ಟು ಜಾಗ ಉಳಿಯೋದು ಅಪರೂಪ.

ಬಿಲ್ಡಿಂಗ್ ಮೀಟಿಂಗ್‌ನಲ್ಲಿ ಎರಡನೇ ಮಹಡಿಯವರು ಒಂದು ಮಾತು ಹೇಳಿದರು. "ಮತ್ತೆ ಲಿಂಡನ್ನೇ ಯಾಕೆ? ಹಳೇದು ಬಿಸಿಲಿಗೆ ತಾನೇ ಸತ್ತಿದ್ದು? ಕಾರಿಗೂ ಕಾಟ." ಅವರು ದಿನಾ ಕಾರಿನಲ್ಲಿ ಕೆಲಸಕ್ಕೆ ಹೋಗುವವರು, ಅಂಟು ತೊಳೆಯುವ ಕಷ್ಟ ಅವರದ್ದು. ಪ್ರಶ್ನೆಯೂ ದಡ್ಡ ಪ್ರಶ್ನೆ ಅಲ್ಲ. ಬವೇರಿಯಾದವರು 2009ರಿಂದಲೇ ವುರ್ಜ್‌ಬುರ್ಗ್, ಕೆಂಪ್ಟನ್ ಮುಂತಾದ ಊರುಗಳ ಬೀದಿಯಲ್ಲಿ ಬಿಸಿ, ಬರ ತಡೆಯುವ ಬೇರೆ ಬೇರೆ ಜಾತಿ ನೆಟ್ಟು ಪರೀಕ್ಷೆ ಮಾಡ್ತಿದ್ದಾರೆ. ಅದರಲ್ಲಿ ಆಗ್ನೇಯ ಯುರೋಪಿನ ಬೆಳ್ಳಿ ಲಿಂಡನ್ ಕೂಡ ಇದೆ. ಅದರ ಎಲೆಯ ತಳ ಬೆಳ್ಳಗೆ, ರೋಮ ತುಂಬಿದ್ದು. ಬಿಸಿಲಿಗೆ ಹೆಚ್ಚು ತಡೆಯುತ್ತೆ, ಹೇನಿನ ಕಾಟವೂ ಕಡಿಮೆ. ಇನ್ನು ಮುಂದೆ ಒಣ ಬೀದಿಗಳಿಗೆ ಚಿಕ್ಕೆಲೆಯದರ ಬದಲು ಅದನ್ನು ಬೆರೆಸಿ ನೆಡೋದೇ ಸರಿ ಅಂತ ನನಗೂ ಅನ್ನಿಸುತ್ತೆ. ಆದರೆ ನೆಟ್ಟಾಗಿದೆ. ನೆಟ್ಟ ಮರವನ್ನು ಉಳಿಸೋದು ಬೇರೆ ಪ್ರಶ್ನೆ.

ಎಳೆ ಮರಕ್ಕೆ ಮೊದಲ ಕೆಲವು ವರ್ಷ ಊರಾಡಳಿತದವರೇ ಗುತ್ತಿಗೆ ಕೊಟ್ಟು ನೀರು ಹಾಕಿಸ್ತಾರೆ. ನಮ್ಮದಕ್ಕೆ ಕಾಂಡದ ಸುತ್ತ 75 ಲೀಟರ್ ಹಿಡಿಯುವ ಹಸಿರು ಚೀಲ ಕಟ್ಟಿದ್ದರು, ತಳದ ಸಣ್ಣ ತೂತುಗಳಿಂದ ಗಂಟೆಗಟ್ಟಲೆ ನೀರು ಜಿನುಗುತ್ತೆ. 2024ರ ಕೊನೆಗೆ ಚೀಲ ಬಿಚ್ಚಿಕೊಂಡು ಹೋದರು. ಲೆಕ್ಕದ ಪ್ರಕಾರ ಮರ ಈಗ ತನ್ನ ಕಾಲ ಮೇಲೆ ನಿಲ್ಲಬೇಕು. ನಿಜಕ್ಕೂ ಅದರ ಬೇರು ಇನ್ನೂ ಅಂತರ್ಜಲದ ಹತ್ತಿರಕ್ಕೂ ಹೋಗಿರಲ್ಲ. ಸರ್ಕಾರಿ ನೀರು ನಿಂತು, ತನ್ನ ಬೇರು ಆಳ ಮುಟ್ಟುವವರೆಗಿನ ಆ ನಡುವಿನ ವರ್ಷಗಳೇ ಬೀದಿಮರಕ್ಕೆ ಕಂಟಕ. ಮನೆಮನೆಗೆ ಹಂಚುವ ಸಸಿಗಳ ಲೆಕ್ಕ ಹಾಕಿ ಸಂಭ್ರಮಿಸುವ ನಮಗೆ ಈ ಮಾತು ಇನ್ನೂ ಚೆನ್ನಾಗಿ ಅರ್ಥ ಆಗಬೇಕು ಅಂತ ನನ್ನ ಅನಿಸಿಕೆ.

2025ರ ಮಾರ್ಚ್ ಜರ್ಮನಿ ಕಂಡ ತೀರಾ ಒಣ ಮಾರ್ಚ್‌ಗಳಲ್ಲಿ ಒಂದು. ಏಪ್ರಿಲ್ ಕೊನೆಗೆ ನಮ್ಮ ಮರ ಚಿಗುರಿತು, ಆದರೆ ಎಲೆ ಎರಡು ರೂಪಾಯಿ ನಾಣ್ಯದಷ್ಟು. ಜೂನ್ ಮೊದಲ ವಾರಕ್ಕೆ ನೆತ್ತಿಯ ಎರಡು ರೆಂಬೆ ಬೋಳಾದವು. ಆಗ ಕೆಳಮನೆ ಅಜ್ಜಿ ನನ್ನ ಬಾಗಿಲು ತಟ್ಟಿದರು, ಕೈಯಲ್ಲಿ ಎರಡು ನೀರಿನ ಕ್ಯಾನ್. ಅವರಿಗೆ ಎತ್ತೋಕಾಗಲ್ಲ. ನಾನು ಎತ್ತಬೇಕು ಅನ್ನೋದು ಅವರ ಮಾತಿನಲ್ಲೇನೂ ಇರಲಿಲ್ಲ, ಕ್ಯಾನ್‌ನಲ್ಲಿತ್ತು.

ಇಲ್ಲಿ ಎರಡು ಅನುಕೂಲ ಇವೆ. ಒಂದು, ಬೀದಿಯಲ್ಲೇ ಇರುವ ಕೈಪಂಪು. ಯುದ್ಧ, ವಿಪತ್ತಿನ ಕಾಲಕ್ಕೆ ಅಂತ ಬರ್ಲಿನ್‌ನಲ್ಲಿ ಸುಮಾರು 2000 ಪಂಪುಗಳನ್ನು ಉಳಿಸಿಕೊಂಡಿದ್ದಾರೆ. ನಮ್ಮೂರ ಬೋರ್‌ವೆಲ್ ಪಂಪಿನಂಥದ್ದೇ, ಕಬ್ಬಿಣದ ಹಳೇ ಸೊಬಗಿನದು. ಎರಡನೆಯದು ನನ್ನ ಕಸುಬಿಗೆ ಹತ್ತಿರದ್ದು. ಬರ್ಲಿನ್‌ನ ಬೀದಿಮರಗಳ ಜಾತಿ, ನೆಟ್ಟ ವರ್ಷ, ಜಾಗ ಎಲ್ಲವೂ ಸಾರ್ವಜನಿಕ ಡೇಟಾ. ಅದನ್ನು ಇಟ್ಟುಕೊಂಡು 2020ರಲ್ಲಿ ಸಿಟಿಲ್ಯಾಬ್ ಬರ್ಲಿನ್‌ನವರು ಗೀಸ್ ಡೆನ್ ಕೀಟ್ಸ್ ಅನ್ನೋ ನಕಾಶೆ ಶುರು ಮಾಡಿದರು. ಅಂದರೆ ನಿನ್ನ ಓಣಿಗೆ ನೀರು ಹಾಕು ಅಂತ. ಮರದ ಚುಕ್ಕೆ ಒತ್ತಿದರೆ ಜಾತಿ, ವಯಸ್ಸು, ಕಳೆದ 30 ದಿನದಲ್ಲಿ ಬಿದ್ದ ಮಳೆ ಎಲ್ಲಾ ಕಾಣುತ್ತೆ. ನಾವು ಅದನ್ನು ದತ್ತು ತಗೊಂಡು, ನೀರು ಹಾಕಿದ ದಿನ ಬರೆದಿಡಬಹುದು. ಸಾಫ್ಟ್‌ವೇರ್ ನೋಡಿ ನೋಡಿ ಬೇಜಾರಾಗಿರುವ ನನಗೆ, ಪರವಾಗಿಲ್ಲ, ಇದೊಂದು ಕೆಲಸಕ್ಕೆ ಬರುವ ಸಾಫ್ಟ್‌ವೇರ್ ಅನ್ನಿಸಿತು.

ನೀರು ಹಾಕೋದರಲ್ಲೂ ಕ್ರಮ ಇದೆ. ದಿನಾ ಒಂದು ಬಕೆಟ್ ಹಾಕೋದು ದಂಡ, ಬೇರು ಮೇಲೇ ಉಳಿಯುತ್ತೆ. ವಾರಕ್ಕೋ ಹತ್ತು ದಿನಕ್ಕೋ ಒಂದು ಸಲ 80ರಿಂದ 100 ಲೀಟರ್, ನಿಧಾನಕ್ಕೆ. ಹತ್ತು ಲೀಟರಿನ ಕ್ಯಾನ್‌ನಲ್ಲಿ ಹತ್ತು ಕ್ಯಾನ್. ಬುಡದ ಮಣ್ಣನ್ನು ಮೊದಲು ಕೈಗುದ್ದಲಿಯಲ್ಲಿ ಸ್ವಲ್ಪ ಸಡಿಲ ಮಾಡಬೇಕು, ಬೇರಿಗೆ ತಾಗದ ಹಾಗೆ. ಸುತ್ತ ಪಾತಿ ಕಟ್ಟಬೇಕು, ಇಲ್ಲದಿದ್ದರೆ ನೀರೆಲ್ಲ ಫುಟ್‌ಪಾತಿಗೆ. ಪಾತಿ ಮಾಡೋದನ್ನು ತೆಂಗಿನ ತೋಟದಲ್ಲಿ ನೋಡಿದವನಿಗೆ ಇಲ್ಲಿ ಯಾರೂ ಹೇಳಿಕೊಡಬೇಕಾಗಲಿಲ್ಲ. ಒಂದು ಸಲ ಪಂಪು ಒತ್ತಿ ಹತ್ತು ಕ್ಯಾನ್ ಹೊತ್ತರೆ ಮುಕ್ಕಾಲು ಗಂಟೆ, ಜಿಮ್ ಫೀಸ್ ಉಳಿಯುತ್ತೆ.

ಜೂನ್ ಪೂರ್ತಿ ನಾನು, ನನ್ನ ಹೆಂಡತಿ, ಎದುರು ಮನೆಯ ಇಬ್ಬರು ಸ್ಟೂಡೆಂಟ್‌ಗಳು ಸೇರಿ ಹಾಕಿದೆವು. ಅಜ್ಜಿ ಕುರ್ಚಿ ಹಾಕಿಕೊಂಡು ಕೂತು ಕ್ಯಾನ್ ಎಣಿಸೋರು. ಎಂಟಕ್ಕೇ ನಿಲ್ಲಿಸಿದರೆ ಬಿಡ್ತಿರಲಿಲ್ಲ. ಜುಲೈನಲ್ಲಿ ಮಳೆ ಹಿಡಿಯಿತು, ಚೆನ್ನಾಗೇ ಹಿಡಿಯಿತು. ಬರ್ಲಿನ್‌ನವರು ಬೇಸಿಗೆ ಹಾಳಾಯ್ತು ಅಂತ ಗೊಣಗಿದರು, ನಮ್ಮ ಬಿಲ್ಡಿಂಗ್‌ನಲ್ಲಿ ನಾಲ್ಕೈದು ಜನ ಗೊಣಗಲಿಲ್ಲ.

ಮನೆ ಮುಂದೆ ನೆಡುವವರಿಗೆ

ಯುರೋಪ್, ಅಮೆರಿಕದಲ್ಲಿ ಮನೆ ಮಾಡಿಕೊಂಡಿರುವ ಓದುಗರು ಕೆಲವರು ತೋಟಕ್ಕೆ ಇದನ್ನು ನೆಡಬೇಕು ಅಂತಿದ್ದರೆ ಒಂದಿಷ್ಟು ಮಾತು. ಮನೆಗೆ ಅಂಟಿಕೊಂಡು ಬೇಡ, ಏಳೆಂಟು ಮೀಟರ್ ಆದರೂ ದೂರ ಇರಲಿ. ಕಾರು ನಿಲ್ಲಿಸುವ ಜಾಗ, ಊಟಕ್ಕೆ ಕೂರುವ ಕಟ್ಟೆ ಕೆಳಗೆ ಬರಬಾರದು, ಅಂಟಿನ ಕಥೆ ಆಗಲೇ ಹೇಳಿದೆ. ಎಲೆ ಉದುರಿದ ಮೇಲೆ, ಮಣ್ಣು ಹೆಪ್ಪುಗಟ್ಟುವ ಮೊದಲು ನೆಡೋದು ಒಳ್ಳೇದು. ಗುಂಡಿ ಆಳಕ್ಕಿಂತ ಅಗಲ ಮುಖ್ಯ. ಕಾಂಡ ಬೇರಾಗಿ ಅಗಲ ಆಗುವ ಜಾಗ ನೆಲದ ಮಟ್ಟಕ್ಕೇ ಇರಲಿ, ಅದನ್ನು ಹೂತುಬಿಟ್ಟರೆ ಮರ ವರ್ಷಗಟ್ಟಲೆ ಕೊರಗಿ ಸಾಯುತ್ತೆ. ಮೇಲೆ ಮರದ ತೊಗಟೆಯ ಹೊದಿಕೆ ಹಾಕಿ, ಕಾಂಡಕ್ಕೆ ತಾಗಿಸಬೇಡಿ. ಕಟ್ಟಿದ ಪಟ್ಟಿಯನ್ನು ಎರಡು ಮೂರು ವರ್ಷಕ್ಕೆ ಬಿಚ್ಚಲೇಬೇಕು, ಮರೆತರೆ ಅದೇ ಉರುಳಾಗುತ್ತೆ. ಬೀಜದಿಂದ ಬೆಳೆಸೋ ಆಸೆ ಇದ್ದರೆ ತಾಳ್ಮೆ ಬೇಕು, ಮೊಳೆಯೋಕೆ ಎರಡು ಚಳಿಗಾಲ ಹಿಡಿಯೋದೂ ಉಂಟು.

ತೋಟ ಚಿಕ್ಕದಿದ್ದರೆ ಗ್ರೀನ್ ಗ್ಲೋಬ್ ಅಂತ ಗುಂಡುತಲೆಯ ಕುಳ್ಳ ತಳಿ ಇದೆ. ಚಳಿಗಾಲದಲ್ಲಿ ಕಡ್ಡಿಯೆಲ್ಲ ಕಿತ್ತಳೆ ಬಣ್ಣಕ್ಕೆ ತಿರುಗುವ ವಿಂಟರ್ ಆರೆಂಜ್ ನನಗೆ ಇಷ್ಟ, ಹಿಮದ ಮೇಲೆ ಅದು ನೋಡೋಕೆ ಚೆಂದ. ಅಮೆರಿಕದವರು ಜಪಾನಿ ದುಂಬಿಯ ಕಡೆ ಗಮನ ಇಡಿ, ಅದಕ್ಕೆ ಲಿಂಡನ್ ಎಲೆ ಅಂದ್ರೆ ಹಬ್ಬದೂಟ. ಇನ್ನೊಂದು, ಮರ ದೊಡ್ಡದಾದ ಮೇಲೆ ಬೇಡ ಅನ್ನಿಸಿದರೆ ಎಲ್ಲ ಕಡೆ ಸುಲಭಕ್ಕೆ ಕಡಿಯೋಕಾಗಲ್ಲ. ಬರ್ಲಿನ್‌ನಲ್ಲಿ ನೆಲದಿಂದ 1.3 ಮೀಟರ್ ಎತ್ತರದಲ್ಲಿ ಕಾಂಡದ ಸುತ್ತಳತೆ 80 ಸೆಂಟಿಮೀಟರ್ ಆಯಿತು ಅಂದ್ರೆ, ನಿಮ್ಮ ಜಾಗದ ಲಿಂಡನ್ ಆದರೂ ಅನುಮತಿ ಬೇಕು.

ಬೆಂಗಳೂರಲ್ಲಿ ನೆಡಬಹುದಾ ಅಂತ ಸ್ನೇಹಿತರು ಕೇಳ್ತಾರೆ. ಬೇಡ. ಇದಕ್ಕೆ ತಿಂಗಳುಗಟ್ಟಲೆ ಕೊರೆಯುವ ಚಳಿಯ ನಿದ್ದೆ ಬೇಕು, ಬೆಂಗಳೂರಿನ ಡಿಸೆಂಬರ್ ಇದಕ್ಕೆ ಸಾಲದು. ಲಾಲ್‌ಬಾಗ್‌ನ ಹೊಣೆ 1908ರಲ್ಲಿ ವಹಿಸಿಕೊಂಡ ಜಿ. ಎಚ್. ಕ್ರುಂಬಿಗಲ್ ಜರ್ಮನಿಯ ಡ್ರೆಸ್ಡನ್ ಹತ್ತಿರದಲ್ಲಿ ಹುಟ್ಟಿದವರು, ಲಿಂಡನ್ ನೆರಳಿನ ಸೀಮೆಯವರು. ಅವರು ಬೆಂಗಳೂರಿನ ರಸ್ತೆಗಳಿಗೆ ಆರಿಸಿದ್ದು ಒಂದಾದ ಮೇಲೊಂದು ಹೂ ಬಿಡುವ, ಬೆಚ್ಚಗಿನ ನಾಡಿನ ಮರಗಳನ್ನು. ತಡಸಲಿನಂಥ ನಮ್ಮ ಕಾಡಿನ ಮರಗಳನ್ನು ನಗರದ ಉದ್ಯಾನಕ್ಕೆ ತರೋಕೆ ಈಗಲೂ ಯಾರೂ ಅಡ್ಡಿ ಮಾಡಿಲ್ಲ.

ನಮ್ಮ ಮರದ ಎರಡು ಒಣ ರೆಂಬೆಗಳನ್ನು ಆಮೇಲೆ ತೋಟಗಾರಿಕೆಯವರು ಬಂದು ಕತ್ತರಿಸಿದರು. ಉಳಿದ ಕಡ್ಡಿಗಳ ತೊಗಟೆಯನ್ನು ಉಗುರಿನಲ್ಲಿ ಚೂರು ಕೆರೆದರೆ ಒಳಗೆ ಹಸಿರಿದೆ. ಎಲೆ ಉದುರಿದ ಮೇಲೆ ಮೊಗ್ಗುಗಳು ಸ್ಪಷ್ಟ ಕಾಣುತ್ತವೆ, ಕೆಂಪಗೆ, ಒಂದು ದೊಡ್ಡ ಸಿಪ್ಪೆ ಒಂದು ಚಿಕ್ಕ ಸಿಪ್ಪೆ ಮಡಚಿಕೊಂಡಂತೆ. ಆ ವರ್ಷದ ಚಿಗುರು ಒಂದು ಗೇಣು ಬೆಳೆದಿತ್ತು. ಮುಂದಿನ ಬೇಸಿಗೆಗೆ ಮೆಟ್ಟಿಲ ಹತ್ತಿರದ ಬೋರ್ಡಿಗೆ ಅಜ್ಜಿ ಈಗಲೇ ಒಂದು ಪಟ್ಟಿ ಅಂಟಿಸಿದ್ದಾರೆ, ವಾರಕ್ಕೊಬ್ಬರ ಹೆಸರು. ಜೂನ್ ಎರಡನೇ ವಾರದ ಮುಂದೆ ಎರಡನೇ ಮಹಡಿಯವರ ಹೆಸರಿದೆ, ಅವರೇ ಬರೆದಿದ್ದೋ ಅಜ್ಜಿ ಬರೆದಿದ್ದೋ ನಾನು ಕೇಳಿಲ್ಲ. ಆಗಸ್ಟ್‌ನಲ್ಲಿ ಎಲ್ಲರೂ ರಜಕ್ಕೆ ಹೋಗುವ ಎರಡು ವಾರ ಮಾತ್ರ ಇನ್ನೂ ಖಾಲಿ ಇದೆ.